ನೂರು ದಾಟಿದ ಮಣ್ಣು

ಜನವರಿ 19

ಅಪ್ಪಾ,

ನಾಲ್ಕು ವರ್ಷದ ಮೇಲೆ ನಿನಗೆ ಬರೆಯುತ್ತಿದ್ದೇನೆ. ಅಮ್ಮನಿಗೆ ಫೋನ್ ಮಾಡಿದಾಗಲೆಲ್ಲ "ಅಪ್ಪನಿಗೆ ಕೊಡು" ಎನ್ನುತ್ತೇನೆ. "ಹಿತ್ತಲಲ್ಲಿದಾರೆ ಕಣೇ" ಎಂದೋ, "ಈಗ ತಾನೇ ಮಲಗಿದ್ರು" ಎಂದೋ ಅವಳು ಹೇಳುತ್ತಾಳೆ. ನಾಲ್ಕು ವರ್ಷ ಒಬ್ಬ ಮನುಷ್ಯ ಕಳೆದುಹೋಗುವಷ್ಟು ನಮ್ಮ ಹಿತ್ತಲು ದೊಡ್ಡದಲ್ಲ. ಫೋನಿಗೆ ಬಾರದವನು ಕಾಗದವನ್ನು ಹರಿದು ಹಾಕುವ ಮೊದಲು ಒಂದು ಸಲವಾದರೂ ಓದಿಯಾನು ಎಂಬ ಧೈರ್ಯದ ಮೇಲೆ ಕೂತಿದ್ದೇನೆ. ಹಳೆಯ ಮಾತು ಎತ್ತುವುದಿಲ್ಲ. ಕೇಳಬೇಕಾದದ್ದು ಮಣ್ಣಿನ ವಿಷಯ. ಮೂವತ್ತೊಂದು ವರ್ಷ ರೋಲರ್ ಓಡಿಸಿದವನನ್ನು ಬಿಟ್ಟು ಬೇರೆ ಯಾರನ್ನು ಕೇಳಲಿ?

ಈಗ ನಾನಿರುವುದು ಹೊಳೆಗೆ ಅಡ್ಡಲಾಗಿ ಕಟ್ಟುತ್ತಿರುವ ಹೊಸ ಸೇತುವೆಯ ಕೆಲಸದಲ್ಲಿ. ಆಸ್ಪತ್ರೆ ಆಚೆ ದಡದಲ್ಲಿದೆ. ಈಚೆಯವರು ಅಲ್ಲಿಗೆ ಸುತ್ತು ಬಳಸಿ ಹೋಗಲು ಎರಡು ಗಂಟೆ ಬೇಕು. ಸೇತುವೆ ಬೇರೆಯವರ ಪಾಲಿಗೆ ಬಂದಿದೆ. ರಸ್ತೆ ನೆಲದಿಂದ ಸೇತುವೆಯ ಎತ್ತರಕ್ಕೆ ಹತ್ತಲು ಹಾಕುವ ಮಣ್ಣಿನ ಏರಿ ನಮ್ಮದು. ಮೂವತ್ತೆರಡು ಪದರ, ಒಂದೊಂದೂ ಗೇಣಿಗಿಂತ ಚೂರು ತೆಳ್ಳಗೆ. ಪದರ ಹರಡಿ, ನೀರು ಹಾಕಿ, ರೋಲರ್ ಎಂಟು ಓಟ ಓಡಿದ ಮೇಲೆ ನನ್ನ ಸರದಿ. ದುಂಡಗೆ ಒಂದು ಗುಂಡಿ ತೋಡಿ ಆ ಮಣ್ಣನ್ನು ತೂಗುತ್ತೇನೆ. ತೂಕ ಗೊತ್ತಿರುವ ಮರಳನ್ನು ಅದೇ ಗುಂಡಿಗೆ ಸುರಿದು ಎಷ್ಟು ಹಿಡಿಯಿತೆಂದು ನೋಡುತ್ತೇನೆ; ಗುಂಡಿಯ ಗಾತ್ರ ಅದರಿಂದ ಸಿಗುತ್ತದೆ. ಪ್ರಯೋಗಾಲಯ ಎಂದರೆ ಒಂದು ತಗಡಿನ ಡಬ್ಬಿ: ಒಂದು ಒಲೆ, ಒಂದು ತಕ್ಕಡಿ, ಮಣ್ಣು ಒಣಗಿಸಿ ಜರಡಿ ಹಿಡಿಯುವ ಒಬ್ಬ ಹೆಂಗಸು. ಅವರನ್ನು ಎಲ್ಲರೂ ಮಣ್ಣಕ್ಕ ಎನ್ನುತ್ತಾರೆ.

ಕೆಲಸ ಶುರುವಾಗುವ ಮೊದಲು ಈ ಮಣ್ಣನ್ನು ಅಚ್ಚಿನಲ್ಲಿ ಗುದ್ದಿ ನೋಡಿದ್ದೆವು. ನೂರಕ್ಕೆ ಹದಿಮೂರೂವರೆ ಪಾಲು ನೀರು ಬೆರೆತಾಗ ಅದು ಅತಿ ಹೆಚ್ಚು ಗಟ್ಟಿಯಾಗುತ್ತದೆ. ಒಂದು ಘನ ಸೆಂಟಿಮೀಟರಿಗೆ ಒಣತೂಕ 1.84 ಗ್ರಾಂ. ಸ್ಥಳದಲ್ಲಿ ಅದರ ನೂರಕ್ಕೆ ತೊಂಬತ್ತೇಳು ಬಂದರೆ ಪಾಸು. ಹದಿಮೂರು ಪದರಗಳವರೆಗೆ ತೊಂಬತ್ತೇಳು, ತೊಂಬತ್ತೆಂಟು ಎಂದು ಬರುತ್ತಿತ್ತು. ಹದಿನಾಲ್ಕನೆಯದಕ್ಕೆ ಇದ್ದಕ್ಕಿದ್ದಂತೆ ನೂರಾ ಒಂದು. ಹದಿನೈದಕ್ಕೂ ಹಾಗೇ. ನಿನ್ನೆ ಹದಿನೇಳನೆಯದು 1.87 ಬಂತು; ಅಂದರೆ ನೂರಾ ಒಂದು ಬಿಂದು ಆರು. ಮ್ಯಾನೇಜರ್ ಸಾಹೇಬರು ಎಲ್ಲರಿಗೂ ಚಹಾ ತರಿಸಿದರು. ನನ್ನ ವರದಿಯನ್ನು ಕಚೇರಿಯ ಗೋಡೆಗೆ ಅಂಟಿಸಿದರು.

ರೋಲರ್ ಅದೇ, ಡ್ರೈವರ್ ಅವರೇ, ಓಟವೂ ಅಷ್ಟೇ. ಮಣ್ಣು ಮಾತ್ರ ಯಾಕೆ ಇದ್ದಕ್ಕಿದ್ದಂತೆ ಜಾಣವಾಯಿತು? ತಕ್ಕಡಿಯನ್ನು ಎರಡು ಸಲ ಸರಿನೋಡಿದೆ. ಮರಳನ್ನು ಮತ್ತೆ ಅಳೆದೆ. ಎಲ್ಲ ನೆಟ್ಟಗಿದೆ. ಆದರೂ ಆ ಚಹಾವನ್ನು ಕುಡಿಯದೆ ಹೊರಗೆ ಚೆಲ್ಲಿದೆ.

ಉತ್ತರ ಬರೆಯಬೇಕೆಂದೇನೂ ಇಲ್ಲ. ಬರೆದರೆ ಓದುತ್ತೇನೆ.

ನಿನ್ನ ಮಗಳು

—

ಫೆಬ್ರವರಿ 1

ಕಾಗದ ಬಂತು. ಹರಿಯಲಿಲ್ಲ.

ನೂರು ದಾಟಿತೆಂದು ಕುಣಿಯುವವರು ಮಣ್ಣು ಮುಟ್ಟದವರು. ತಮ್ಮನ ಅಂಗಿಯ ಅಳತೆ ಹಿಡಿದುಕೊಂಡು ಅಣ್ಣನ ಮುಂದೆ ನಿಂತರೆ "ಎಷ್ಟು ದಪ್ಪ ಆಗಿದೀಯೋ" ಎನ್ನಿಸುತ್ತದೆ. ಅಣ್ಣ ದಪ್ಪ ಆಗಿಲ್ಲ, ಹಿಡಿದ ಅಂಗಿ ಅವನದಲ್ಲ.

ಮಣ್ಣು ಎಲ್ಲಿಂದ ಬರುತ್ತಿದೆಯೋ ಅಲ್ಲಿಗೆ ಹೋಗು. ಅದೇ ಗುಡ್ಡವಾದರೂ ಮೇಲಿನ ಮಣ್ಣು ಬೇರೆ, ಅಡಿಯ ಮಣ್ಣು ಬೇರೆ. ಮುಷ್ಟಿಯಲ್ಲಿ ಹಿಡಿದು ಒತ್ತಿ ನೋಡು. ಆಮೇಲೆ ರೋಲರ್ ಓಡುವಾಗ ಪಕ್ಕದಲ್ಲಿ ನಿಲ್ಲಬೇಡ, ಎದುರಿಗೆ ನಿಲ್ಲು. ಡ್ರಮ್ಮಿನ ಮುಂದೆ ನೆಲ ಉಬ್ಬಿ ಬರುತ್ತಿದೆಯೇ ನೋಡು. ಉಬ್ಬಿದರೆ ಒಳಗೆ ನೀರು ಹೆಚ್ಚಾಗಿದೆ. ಅಂಥ ನೆಲದ ಮೇಲೆ ಎಂಟಲ್ಲ, ಎಂಬತ್ತು ಓಟ ಓಡಿಸಿದರೂ ಡೀಸೆಲ್ ಖರ್ಚು ಅಷ್ಟೇ.

ನಿನ್ನಮ್ಮನಿಗೆ ಮೊಣಕಾಲು ನೋವು ವಾಸಿ.

ಅಪ್ಪ

—

ಫೆಬ್ರವರಿ 12

ಅಪ್ಪಾ,

ನಿನ್ನ ಕಾಗದ ಬಂದ ದಿನವೇ ಮಣ್ಣಿನ ಲಾರಿ ಹತ್ತಿ ಗುಡ್ಡಕ್ಕೆ ಹೋದೆ. ನೀನು ಹೇಳಿದ್ದು ಅಕ್ಷರಶಃ ನಿಜ. ಗುಡ್ಡದ ಮೇಲಿನ ಕೆಂಪು ನುಣ್ಣನೆಯ ಮಣ್ಣು ಹೊಸ ವರ್ಷದ ಮೊದಲ ವಾರವೇ ಮುಗಿದಿದೆ. ಈಗ ಅಗೆಯುತ್ತಿರುವುದು ಅಡಿಯ ಹಳದಿ ಮಣ್ಣು, ತುಂಬಾ ಹರಳು. ಯಾರೂ ನಮಗೆ ಹೇಳಿಲ್ಲ. ಹೇಳಬೇಕಾದ ವಿಷಯ ಎಂದು ಅಲ್ಲಿಯವರಿಗೆ ಅನ್ನಿಸಿಯೂ ಇಲ್ಲ. "ಮಣ್ಣು ಮಣ್ಣೇ ಅಲ್ವಾ ಮೇಡಂ?" ಎಂದ ಅಗೆಯುವ ಯಂತ್ರದವನು.

ಸಂಜೆ ರೋಲರಿನ ಎದುರಿಗೆ ನಿಂತೆ. ನೆಲ ಹಾಸಿಗೆಯಂತೆ ಡ್ರಮ್ಮಿನ ಮುಂದೆ ಉಬ್ಬುತ್ತಿತ್ತು, ಹಿಂದೆ ತಗ್ಗುತ್ತಿತ್ತು. ಒಂದು ತಿಂಗಳಿಂದ ಪಕ್ಕದಲ್ಲೇ ನಿಂತಿದ್ದೆ, ಕಂಡಿರಲಿಲ್ಲ. ನಾಚಿಕೆಯಾಯಿತು.

ಮರುದಿನ ಹಳದಿ ಮಣ್ಣಿಗೆ ಹೊಸದಾಗಿ ಪ್ರಾಕ್ಟರ್ ಪರೀಕ್ಷೆ ಮಾಡಿದೆ. ಮಣ್ಣನ್ನು ಐದು ಪಾಲು ಮಾಡಿ, ಒಂದೊಂದಕ್ಕೆ ಒಂದೊಂದು ಅಳತೆಯ ನೀರು ಬೆರೆಸಿ, ಉಕ್ಕಿನ ಅಚ್ಚಿಗೆ ತುಂಬಿ, ಎಣಿಸಿ ಗುದ್ದಿದ್ದು. ಮಣ್ಣಕ್ಕನೂ ನಾನೂ ಸರದಿಯಂತೆ ಗುದ್ದಿದೆವು. ಇಬ್ಬರ ಭುಜವೂ ಮೇಲೇಳದಂತಾಯಿತು. ನೀರು ಕಡಿಮೆಯಾದರೆ ಕಣಗಳು ಜಾರಿ ಒಂದಕ್ಕೊಂದು ಹೊಂದಿಕೊಳ್ಳುವುದಿಲ್ಲ, ಹೆಚ್ಚಾದರೆ ಕಣ ಕೂರಬೇಕಾದ ಜಾಗದಲ್ಲಿ ನೀರೇ ಕೂರುತ್ತದೆ. ಐದು ಚುಕ್ಕಿ ಸೇರಿಸಿ ಗೆರೆ ಎಳೆದಾಗ ಬೆಟ್ಟದ ಹಾಗೆ ಏರಿ ಇಳಿಯಿತು. ನೆತ್ತಿ ಎಲ್ಲಿ ಬಂತು ಗೊತ್ತೇ? 2.02. ನೀರು ಬರೀ ಒಂಬತ್ತೂವರೆ.

ಅಂದರೆ ಈ ಮಣ್ಣು 2.02 ತನಕ ಗಟ್ಟಿಯಾಗಬಲ್ಲದು. ನಾವು ಅದನ್ನು 1.87ಕ್ಕೆ ನಿಲ್ಲಿಸಿ ಬೆನ್ನು ತಟ್ಟಿದ್ದೇವೆ. ನಿಜವಾದ ಲೆಕ್ಕ ನೂರಾ ಒಂದಲ್ಲ, ತೊಂಬತ್ತೆರಡೂವರೆ. ಮೇಲಾಗಿ ಕೆಂಪು ಮಣ್ಣಿನ ಅಳತೆಯಂತೆ ನೀರು ಹಾಕುತ್ತಾ ಹೋಗಿ ಏಳು ಪದರಗಳನ್ನು ನೆನೆಸಿಟ್ಟಿದ್ದೇವೆ.

ಹಾಳೆ ಹಿಡಿದು ಮ್ಯಾನೇಜರರ ಬಳಿ ಹೋದೆ. ನಡೆದ ಮಾತು ಹಾಗೇ ಬರೆಯುತ್ತೇನೆ.

"ಏನ್ ಮೇಡಂ, ನೂರಾ ಒಂದು ಸಾಲದಾ? ನೂರಾ ಹತ್ತು ಬೇಕಾ?"

"ಸರ್, ಅದು ನೂರಾ ಒಂದಲ್ಲ. ತೊಂಬತ್ತೆರಡೂವರೆ. ಫೇಲು."

"ನಿನ್ನೆವರೆಗೆ ನೂರಾ ಒಂದು ಅಂತ ಬರೆದವರು ಯಾರು?"

"ನಾನೇ."

"ಅವತ್ತು ಬರೆದದ್ದು ಸುಳ್ಳಾದ್ರೆ ಇವತ್ತು ಬರೆದದ್ದು ನಿಜ ಅಂತ ಹೇಗೆ ನಂಬಲಿ ಹೇಳಿ?"

ಅವರು ಕೆಟ್ಟವರಲ್ಲ ಅಪ್ಪಾ. ಕಿಟಕಿಯ ಹತ್ತಿರ ಕರೆದು ತೋರಿಸಿದರು. "ಜೂನ್ ಮೊದಲ ವಾರ ಮಳೆ ಬರತ್ತೆ. ಏಳು ಪದರ ಕಿತ್ತು ಮತ್ತೆ ಹಾಕೋಷ್ಟರಲ್ಲಿ ಮಳೆ ಹಿಡಕೊಂಡ್ರೆ, ಅರ್ಧ ಕಟ್ಟಿದ ಏರಿ ಹೊಳೆ ಪಾಲು. ಆಗ ನಿಮ್ಮ ತೊಂಬತ್ತೆರಡೂವರೆಯೂ ಇರಲ್ಲ, ಸೊನ್ನೆ!" ಎಂದರು. ಆಮೇಲೆ ಇಪ್ಪತ್ತನೆಯ ಪದರದ ಹಾಳೆಯನ್ನು ಮುಂದಿಟ್ಟರು. ಹಳೆಯ ಲೆಕ್ಕದಲ್ಲೇ ಸಹಿ ಹಾಕಬೇಕು, ಇಲ್ಲದಿದ್ದರೆ ಬೇರೆಯವರನ್ನು ಕರೆಸುತ್ತಾರೆ. ಯೋಚಿಸಲು ಎರಡು ವಾರ ಕೊಟ್ಟಿದ್ದಾರೆ, ಅಲ್ಲಿಯವರೆಗೆ ಹೊಸ ಪದರ ಹಾಕುವುದಿಲ್ಲವಂತೆ.

ಹಾಳೆ ನನ್ನ ಮೇಜಿನ ಮೇಲಿದೆ. ಅದರ ಮೇಲೆ ಮರಳಿನ ಬಾಟಲಿ ಇಟ್ಟಿದ್ದೇನೆ.

ನಿನ್ನ ಮಗಳು

—

ಫೆಬ್ರವರಿ 17

ಕಾಗದ ಓದಿ ತಕ್ಷಣ ಬರೆಯುತ್ತಿದ್ದೇನೆ.

ಸಹಿ ಹಾಕಬೇಡ. ಹೆತ್ತ ಅಪ್ಪ ಓಡಿಸಿದ ಪದರಕ್ಕೇ ಸಹಿ ಹಾಕದವಳು, ಅವರದಕ್ಕೆ ಯಾಕೆ ಹಾಕುತ್ತೀ?

ಮ್ಯಾನೇಜರ್ ಕೇಳಿದ್ದು ನ್ಯಾಯವಾದ ಪ್ರಶ್ನೆ. ಎರಡು ಹಾಳೆ ಇಟ್ಟುಕೊಂಡು ಯಾವುದು ನಿಜ ಎಂದು ವಾದ ಮಾಡಿದರೆ ದನಿ ದೊಡ್ಡದಿದ್ದವರು ಗೆಲ್ಲುತ್ತಾರೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ. ಇಲ್ಲಿ ಪ್ರಮಾಣ ನಿನ್ನಲ್ಲಿದೆ, ಪ್ರತ್ಯಕ್ಷ ಇಲ್ಲ. ಅದನ್ನು ಮಾಡು. ಏರಿಯಿಂದ ದೂರದಲ್ಲಿ ಸಮ ಜಾಗ ನೋಡಿ ಎರಡು ಪಟ್ಟಿ ಹಾಕಿಸು, ಮೂವತ್ತು ಹೆಜ್ಜೆ ಉದ್ದ. ಎರಡಕ್ಕೂ ಅದೇ ಹಳದಿ ಮಣ್ಣು, ಅದೇ ರೋಲರ್, ಅಷ್ಟೇ ಓಟ. ಒಂದಕ್ಕೆ ಅವರ ಲೆಕ್ಕದ ನೀರು, ಇನ್ನೊಂದಕ್ಕೆ ನಿನ್ನ ಲೆಕ್ಕದ ನೀರು. ಆಮೇಲೆ ಮಣ್ಣು ತುಂಬಿದ ಲಾರಿ ಹತ್ತಿಸು. ನೀನು ಬಾಯಿ ತೆರೆಯುವ ಅಗತ್ಯವೇ ಬೀಳುವುದಿಲ್ಲ.

ಅವರ ಮೇಲಿನವರನ್ನೂ ಕರೆ. ಕದ್ದು ಕರೆಯಬೇಡ, ಮ್ಯಾನೇಜರರಿಗೆ ಹೇಳಿಯೇ ಕರೆ.

ರೋಲರಿನ ಡ್ರೈವರನ್ನು ಯಾರೂ ಏನೂ ಕೇಳಿರುವುದಿಲ್ಲ. ಅವನನ್ನೂ ಕೇಳು.

ಅಪ್ಪ

—

ಮಾರ್ಚ್ 10

ಅಪ್ಪಾ,

ಗೆದ್ದೆವು!

ಮೊದಲಿಂದ ಹೇಳುತ್ತೇನೆ. ಎರಡು ಪಟ್ಟಿಯ ಮಾತು ಎತ್ತಿದಾಗ ಮ್ಯಾನೇಜರ್ "ಆಯ್ತು. ಸೋತರೆ ಸಹಿ ಹಾಕ್ತೀರಿ ತಾನೇ?" ಎಂದರು. "ಸೋತರೆ ಹಾಕ್ತೀನಿ ಸರ್. ಆದರೆ ಮುಖ್ಯ ಇಂಜಿನಿಯರೂ ಬಂದು ನೋಡಲಿ" ಎಂದೆ. ಅವರೇ ಫೋನ್ ಮಾಡಿ ಕರೆಸಿದರು.

ಮುಖ್ಯ ಇಂಜಿನಿಯರ್ ತೆಳ್ಳಗಿನ ಮುದುಕರು, ನಿವೃತ್ತಿಗೆ ಎರಡು ವರ್ಷ ಉಳಿದಿದೆಯಂತೆ. ಬೆಳಿಗ್ಗೆ ಎಂಟಕ್ಕೇ ಬಂದು, ಕುರ್ಚಿ ತಂದುಕೊಟ್ಟರೆ ಕೂರದೆ, ರೋಲರ್ ಹೋದಲ್ಲೆಲ್ಲ ಹಿಂದೆಯೇ ನಡೆದರು. ಎಡಗಡೆಯ ಪಟ್ಟಿಗೆ ಹದಿಮೂರೂವರೆ ನೀರು, ಬಲಗಡೆಯದಕ್ಕೆ ಒಂಬತ್ತೂವರೆ. ಎಂಟು ಓಟ ಮುಗಿದ ಮೇಲೆ ಅವರು ಬೂಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡರು. ಬರಿಗಾಲಲ್ಲಿ ಎಡಗಡೆ ಒಮ್ಮೆ, ಬಲಗಡೆ ಒಮ್ಮೆ ನಡೆದರು. ಮುಖದಲ್ಲಿ ಏನೂ ಕಾಣಲಿಲ್ಲ. "ಲಾರಿ ತನ್ನಿ" ಎಂದರು.

ಬಲಗಡೆ ಲಾರಿ ಹೋಯಿತು, ಚಕ್ರದ ಅಚ್ಚು ಮಾತ್ರ ಮೂಡಿತು, ಬಾಗಿಲ ಮುಂದೆ ಬಿಡಿಸಿದ ಗೆರೆಯ ಹಾಗೆ ತೆಳ್ಳಗೆ. ಎಡಗಡೆ ಹೋದದ್ದು ಅರ್ಧಕ್ಕೆ ನಿಂತಿತು. ನಾಲ್ಕು ಬೆರಳು ಹೂತಿತ್ತು. ಡ್ರೈವರ್ ಹಿಂದಕ್ಕೆ ಒತ್ತಿದಷ್ಟೂ ಇನ್ನೂ ಇಳಿಯಿತು.

ಎಲ್ಲರ ಕಣ್ಣ ಮುಂದೆ ಎರಡೂ ಕಡೆ ಗುಂಡಿ ತೋಡಿದೆ. ಮಣ್ಣಕ್ಕ ಒಲೆಯನ್ನು ಅಲ್ಲಿಗೇ ಹೊತ್ತು ತಂದಿದ್ದರು. ತೂಗಿ, ಒಣಗಿಸಿ, ಮತ್ತೆ ತೂಗಿ ಲೆಕ್ಕ ಹಾಕಿದೆ. ಎಡಗಡೆ 1.87. ಬಲಗಡೆ 1.98.

ಮುಖ್ಯ ಇಂಜಿನಿಯರ್ ಕೇಳಿದರು: "ಎಡಗಡೆದು ಹಳೇ ಲೆಕ್ಕದಲ್ಲಿ ಎಷ್ಟಮ್ಮ?"

"ನೂರಾ ಒಂದು ಬಿಂದು ಆರು ಸರ್."

"ಹೊಸ ಲೆಕ್ಕದಲ್ಲಿ?"

"ತೊಂಬತ್ತೆರಡು ಬಿಂದು ಆರು. ಬಲಗಡೆದು ತೊಂಬತ್ತೆಂಟು."

ಅವರು ಹೂತ ಲಾರಿಯನ್ನು ನೋಡಿ ನಕ್ಕುಬಿಟ್ಟರು. "ನೂರಾ ಒಂದರಲ್ಲಿ ಲಾರಿ ಸಿಕ್ಕಿಹಾಕ್ಕೊಂಡಿದೆ, ತೊಂಬತ್ತೆಂಟರಲ್ಲಿ ಓಡಾಡ್ತಿದೆ. ಅಂಕ ದೊಡ್ಡದಾದ್ರೆ ಸಾಕಾ, ಯಾವುದರ ಮೇಲೆ ಭಾಗಿಸಿದ್ರಿ ಅಂತ ಯಾರೂ ಕೇಳ್ಲಿಲ್ವಾ?"

ಆಗ ರೋಲರಿನ ಡ್ರೈವರಣ್ಣ ಕೆಳಗಿಳಿದು ಬಂದರು. "ಸರ್, ನೆಲ ಈಜ್ತಾ ಇದೆ ಅಂತ ನನಗೆ ತಿಂಗಳಿಂದ ಗೊತ್ತಿತ್ತು. ಕಾಗದದಲ್ಲಿ ಪಾಸಾಗಿದೆ ಅಂದ್ರು. ನಾನ್ಯಾಕೆ ಮಧ್ಯೆ ಬಾಯಿ ಹಾಕ್ಲಿ ಅಂತ ಸುಮ್ನಾದೆ." ಅದು ನನ್ನ ಕಾಗದ. ಅವರನ್ನು ನಾನೂ ಕೇಳಿರಲಿಲ್ಲ. ನೀನು ಬರೆದ ಮೇಲೆಯೇ ಕೇಳಿದ್ದು.

ಎಲ್ಲರೂ ಹೋದ ಮೇಲೆ ಮ್ಯಾನೇಜರ್ ಒಬ್ಬರೇ ನನ್ನ ತಗಡಿನ ಡಬ್ಬಿಗೆ ಬಂದರು. "ಏಳೂ ಪದರ ಕೀಳಲೇಬೇಕಾ ಅಂತ ಇನ್ನೊಂದ್ಸಲ ಕೇಳಬಹುದಾ?" ಎಂದರು.

"ಕೇಳಬಹುದು ಸರ್. ಉತ್ತರ ಮಾತ್ರ ಅದೇ."

"ಮಳೆಗೆ ಮುಂಚೆ ಮುಗಿಯತ್ತಾ?"

"ಇದೇ ಮಣ್ಣು ಸಾಕು ಸರ್, ಹೊಸದು ತರೋದು ಬೇಡ. ಕಿತ್ತು ಬಿಸಿಲಿಗೆ ಹರಡಿದ್ರೆ ಎರಡು ದಿನದಲ್ಲಿ ಹದಕ್ಕೆ ಬರತ್ತೆ. ಟ್ಯಾಂಕರ್ ನೀರೂ ಅಷ್ಟು ಬೇಕಾಗಲ್ಲ."

ಅವರು ಗೋಡೆಗೆ ಅಂಟಿಸಿದ್ದ ನನ್ನ ಹಳೆಯ ವರದಿಯನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟು ಹೋದರು. ಐದು ನಿಮಿಷದಲ್ಲಿ ಅಗೆಯುವ ಯಂತ್ರಗಳ ಸದ್ದು ಶುರುವಾಯಿತು.

ಅಪ್ಪಾ, ಇದು ನಿನ್ನ ಗೆಲುವೂ ಹೌದು. ಕಾಗದದಲ್ಲಿ ಹೇಳಿದರೆ ಮನಸ್ಸು ತುಂಬುವುದಿಲ್ಲ. ಈ ಭಾನುವಾರ ಬಿಟ್ಟು ಮುಂದಿನ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಫೋನ್ ಮಾಡುತ್ತೇನೆ. ಹಿತ್ತಲಿಗೆ ಹೋಗಬೇಡ. ಒಂದು ಮಾತು, ಒಂದೇ.

ನಿನ್ನ ಮಗಳು

—

ಮಾರ್ಚ್ 24

ಮಗಳೇ,

ಭಾನುವಾರ ಹತ್ತಕ್ಕೆ ನಿನ್ನಮ್ಮ ಫೋನು ತಂದು ಕೈಗೆ ಕೊಟ್ಟಳು. ಕಿವಿಗೆ ಹಿಡಿದೆ. ನೀನು ಮಾತಾಡುತ್ತಿದ್ದೆ. ಮಾತಾಡುತ್ತಿದ್ದೀಯ ಎಂದು ನಿನ್ನಮ್ಮನ ಮುಖ ನೋಡಿ ತಿಳಿಯಿತು, ಅವಳು ಪಕ್ಕದಲ್ಲಿ ನಿಂತು ಕೇಳಿಸಿಕೊಂಡು ಕಣ್ಣು ಒರೆಸಿಕೊಳ್ಳುತ್ತಿದ್ದಳು. ನಾನು ಫೋನು ಕೆಳಗಿಟ್ಟೆ. ನೀನು ಎಷ್ಟು ನೊಂದಿರುತ್ತೀಯೆಂದು ಗೊತ್ತು.

ನನಗೆ ಕಿವಿ ಕೇಳಿಸುವುದಿಲ್ಲ. ಈ ಮಾತನ್ನು ಬೇರೆ ಯಾರಿಗೂ ಹೇಳಿರಲಿಲ್ಲ, ಹೇಳಬಾರದೆಂದು ನಿನ್ನಮ್ಮನಿಂದ ಆಣೆ ಹಾಕಿಸಿಕೊಂಡಿದ್ದೆ.

ನಾನು ಯಾವತ್ತೂ ಓಟ ಎಣಿಸಿದವನಲ್ಲ. ಮಣ್ಣು ಸಡಿಲ ಇದ್ದಾಗ ಡ್ರಮ್ಮಿನ ದನಿ ದಪ್ಪ, ಹಾಸಿಗೆ ಬಡಿದಂತೆ. ಗಟ್ಟಿಯಾಗುತ್ತ ಹೋದಂತೆ ಸಣ್ಣಗಾಗುತ್ತದೆ. ಕೊನೆಗೆ ಬಂಡೆಯ ಮೇಲೆ ಬಿದ್ದಂತೆ ಖಣ್ಣನೆ ಕೇಳುತ್ತದೆ. ಆ ದನಿ ಬಂದರೆ ಮುಗಿಯಿತು, ಇಳಿದು ಬೀಡಿ ಸೇದಬಹುದು. ಇಪ್ಪತ್ತೈದು ವರ್ಷ ಒಂದು ಪದರವೂ ಹಿಂದಕ್ಕೆ ಬರಲಿಲ್ಲ. ಆಮೇಲೆ ಅದೇ ಸದ್ದು ಕಿವಿಯನ್ನು ತಿನ್ನುತ್ತ ಬಂತು. ಮೊದಲು ಹಕ್ಕಿಯ ದನಿ ಹೋಯಿತು. ಆಮೇಲೆ ಹೆಂಗಸರ ಮಾತು. ಕೆಲಸದಿಂದ ತೆಗೆದಾರೆಂದು ಬಾಯಿ ಮುಚ್ಚಿಕೊಂಡಿದ್ದೆ. ಎಣಿಸಲು ಶುರು ಮಾಡಿದೆ, ಆದರೆ ಎಣಿಸಿ ಅಭ್ಯಾಸವಿಲ್ಲ, ಮಧ್ಯೆ ತಪ್ಪುತ್ತಿತ್ತು.

ನೀನು ಆಗ ತರಬೇತಿಗೆ ಬಂದಿದ್ದೆ. ಅಪ್ಪನೂ ಮಗಳೂ ಒಂದೇ ಕೆಲಸದಲ್ಲಿ ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದೆ. ಆ ದಿನ ನಾನು ಆರು ಓಟಕ್ಕೆ ನಿಲ್ಲಿಸಿದ್ದೆ, ಎಂಟು ಎಂದುಕೊಂಡಿದ್ದೆ. ನೀನು ಗುಂಡಿ ತೋಡಿ ಫೇಲು ಎಂದು ಬರೆದೆ. ಹುಡುಗರೆಲ್ಲ ನಕ್ಕರು. ನಾನು ತಿರುಗಿ ರೋಲರ್ ಹತ್ತಿ ಇನ್ನೆರಡು ಓಟ ಓಡಿಸಿದೆ. ಆಮೇಲೆ ನಿನ್ನ ಜೊತೆ ಮಾತು ಬಿಟ್ಟೆ. ನೀನು ಅವಮಾನ ಮಾಡಿದೆ ಎಂದು ನಾನು ಸಿಟ್ಟಾದೆನೆಂದು ತಿಳಿದೆ ನೀನು. ಹಾಗೆ ತಿಳಿಯಲಿ ಎಂದು ನಾನೇ ಬಿಟ್ಟೆ. ನಿಜ ಏನೆಂದರೆ ನನಗೆ ನಿನ್ನ ಮೇಲೆ ಸಿಟ್ಟಿರಲಿಲ್ಲ, ಹೆದರಿಕೆಯಿತ್ತು. ಲೋಕದಲ್ಲಿ ಯಾರಿಗೂ ಕಾಣದ್ದು ನಿನ್ನ ತಕ್ಕಡಿಗೆ ಕಂಡುಬಿಟ್ಟಿತಲ್ಲ ಎಂದು.

ನಿನ್ನ ವರದಿ ಸರಿಯಾಗಿತ್ತು. ನಾಲ್ಕು ವರ್ಷ ತಡವಾಗಿ ಹೇಳುತ್ತಿದ್ದೇನೆ.

ಅಪ್ಪ

—

ಏಪ್ರಿಲ್ 3

ಅಪ್ಪಾ,

ನಿನ್ನ ಕಾಗದ ಹಿಡಿದು ಅಳುತ್ತಿದ್ದ ನನ್ನನ್ನು ನೋಡಿ ಮಣ್ಣಕ್ಕ ಹೆದರಿ "ಯಾರಿಗೇನಾಯ್ತು?" ಎಂದರು. ಯಾರಿಗೂ ಏನೂ ಆಗಿಲ್ಲ, ನಮ್ಮಪ್ಪ ಸಿಕ್ಕಿದರು ಎಂದೆ.

ನೀನು ಹೇಳಿದ ಮೇಲೆ ನಾನೂ ಒಂದು ಹೇಳಲೇಬೇಕು. ಅವತ್ತು ನಾನು ಒಂದು ಗುಂಡಿ ತೋಡಿದ್ದಲ್ಲ, ಮೂರು. ಮೊದಲನೆಯದು ಫೇಲಾದಾಗ ನನ್ನ ಕೈತಪ್ಪು ಇರಲಿ ದೇವರೇ ಎಂದುಕೊಂಡೆ. ಎರಡನೆಯದನ್ನು ನೀನು ಚೆನ್ನಾಗಿ ಓಡಿಸಿದ ಕಡೆ ಹುಡುಕಿ ತೋಡಿದೆ. ಮೂರನೆಯದಕ್ಕೆ ಎರಡು ಸಲ ತೂಗಿದೆ. ಮೂರೂ ಒಂದೇ ಹೇಳಿದವು. ಆಮೇಲೆ ಬರೆದೆ. ಬರೆಯುವಾಗ ಅಕ್ಷರ ಕಾಣುತ್ತಿರಲಿಲ್ಲ.

ಇನ್ನು ಕಿವಿಯ ಡಾಕ್ಟರ ಹತ್ತಿರ ಹೋಗು. ಇದು ಕೋರಿಕೆ ಅಲ್ಲ.

ನಿನ್ನ ಮಗಳು

—

ಏಪ್ರಿಲ್ 19

ಮಗಳೇ,

ಹೋಗಿ ಬಂದೆ. ಕಿವಿಗೊಂದು ಯಂತ್ರ ಕೊಟ್ಟಿದ್ದಾರೆ. ಮಾತು ಅರ್ಧ ಕೇಳಿಸುತ್ತದೆ, ಇನ್ನರ್ಧ ಊಹೆ. ಮೊಟ್ಟಮೊದಲು ಕೇಳಿಸಿದ್ದು ನಿನ್ನಮ್ಮನ ಬೈಗುಳ. ನಾಲ್ಕು ವರ್ಷದ್ದು ಕೂಡಿಟ್ಟಿದ್ದಳೇನೋ, ಆಸ್ಪತ್ರೆಯ ಮೆಟ್ಟಿಲಲ್ಲೇ ಶುರು ಮಾಡಿದಳು.

ಏರಿ ಎಷ್ಟಕ್ಕೆ ಬಂತು?

ಅಪ್ಪ

—

ಮೇ 28

ಅಪ್ಪಾ,

ಇವತ್ತು ಮಧ್ಯಾಹ್ನ ಮೂರಕ್ಕೆ ಮೂವತ್ತೆರಡನೆಯ ಪದರ ಮುಗಿಯಿತು. ತೊಂಬತ್ತೆಂಟು ಬಿಂದು ಎರಡು. ಮಳೆಗೆ ಇನ್ನೂ ಒಂದು ವಾರ ಉಳಿದಿದೆ.

ಹೇಗೆ ಮುಗಿಸಿದೆವು ಎಂದರೆ ನಂಬುವುದಿಲ್ಲ. ಏಳು ಪದರ ಕೀಳಲು ಒಂಬತ್ತು ದಿನ. ಮಾರ್ಚಿನ ಬಿಸಿಲು ನಮ್ಮ ಕಡೆ ಇತ್ತು. ಹರಡಿದ ಮಣ್ಣು ಹಪ್ಪಳದ ಹಾಗೆ ಒಣಗಿತು. ನೀರು ಹದಕ್ಕೆ ಇದ್ದುದರಿಂದ ಎಂಟು ಓಟದ ಬದಲು ಆರಕ್ಕೇ ಅಂಕ ಬರತೊಡಗಿತು. ಡ್ರೈವರಣ್ಣ ರೋಲರ್ ನಿಲ್ಲಿಸಿ, "ಮೇಡಂ, ಬಂಡೆ ಆಗಿದೆ, ನೋಡ್ಕೊಳ್ಳಿ" ಎಂದು ಕೂಗುತ್ತಿದ್ದರು; ನಾನು ತೋಡಿದರೆ ತೊಂಬತ್ತೆಂಟು. ಕಳೆದುಕೊಂಡ ದಿನಗಳನ್ನೆಲ್ಲ ಹಾಗೆ ಹಿಂದಕ್ಕೆ ಪಡೆದೆವು. ಈಗ ಮಣ್ಣಿನ ಬಣ್ಣ ಚೂರು ಬದಲಾದರೂ ಮ್ಯಾನೇಜರೇ ಒಂದು ಹಿಡಿ ಮುಷ್ಟಿಯಲ್ಲಿ ಹಿಡಿದು ನನ್ನ ಬಾಗಿಲಿಗೆ ಬರುತ್ತಾರೆ: "ಮೇಡಂ, ಇದು ತಮ್ಮನಾ, ಅಣ್ಣನಾ?" ನಿನ್ನ ಅಂಗಿಯ ಮಾತನ್ನು ಅವರಿಗೆ ಹೇಳಿದ್ದೆ.

ಇನ್ನು ಜಲ್ಲಿ, ಡಾಂಬರು. ಜೂನ್ ಇಪ್ಪತ್ತಕ್ಕೆ ಮೊದಲ ದೊಡ್ಡ ಭಾರ ದಾಟಬೇಕು. ಆಚೆ ದಡದ ಆಸ್ಪತ್ರೆಗೂ ಊರಿಗೂ ಕರೆಂಟು ಕೊಡುವ ಟ್ರಾನ್ಸ್‌ಫಾರ್ಮರ್, ನೂರಾ ಅರವತ್ತು ಟನ್. ಬೇರೆ ದಾರಿಯಲ್ಲಿ ಅದನ್ನು ಒಯ್ಯಲಾಗದು. ಅಮ್ಮನನ್ನು ಕರೆದುಕೊಂಡು ಬಾ. ಬಸ್ ನಿಲ್ದಾಣಕ್ಕೆ ನಾನೇ ಬರುತ್ತೇನೆ.

ನಿನ್ನ ಮಗಳು

—

ಜೂನ್ 26

ಮಗಳೇ,

ಊರು ತಲುಪಿದೆವು. ನಾಲ್ಕು ದಿನ ನಿನ್ನ ಜೊತೆಗಿದ್ದು ಬಂದ ಮೇಲೂ ಕಾಗದ ಬರೆಯಬೇಕೆನ್ನಿಸಿತು. ಟ್ರಾನ್ಸ್‌ಫಾರ್ಮರ್ ದಾಟುವಾಗ ನೀನು ಏರಿಯ ಬುಡದಲ್ಲಿ ಅಳತೆಯ ದುರ್ಬೀನಿಗೆ ಕಣ್ಣು ಒತ್ತಿ ನಿಂತಿದ್ದೆ. ಮೇಲೆ ನಡೆದದ್ದು ನಿನಗೆ ಕಾಣಲಿಲ್ಲ. ಕಂಡವನು ನಾನು.

ಹನ್ನೆರಡು ದಿನ ಸುರಿದ ಮಳೆ ಆಗಷ್ಟೇ ಬಿಟ್ಟಿತ್ತು. ಹೊಳೆ ಕೆಂಪಾಗಿ ಬುಡಕ್ಕೆ ಬಡಿಯುತ್ತಿತ್ತು. ಸುತ್ತಲಿನ ಜನವೆಲ್ಲ ಬಂದಿದ್ದರು. ಅಷ್ಟು ಚಕ್ರದ ಬಂಡಿಯನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ. ನಿನ್ನಮ್ಮ ಎಣಿಸಲು ಹೋಗಿ ತೊಂಬತ್ತರಲ್ಲಿ ಬಿಟ್ಟಳು. ಬಂಡಿ ಏರಿಗೆ ಹತ್ತಿತು. ಮ್ಯಾನೇಜರ್ ನನ್ನ ಪಕ್ಕದಲ್ಲಿದ್ದರು, ಟೊಪ್ಪಿಗೆ ತೆಗೆದು ಎದೆಗೆ ಹಿಡಿದಿದ್ದರು. ನಾನು ಚಪ್ಪಲಿ ಕಳಚಿ ನಿಂತೆ. ಮಗಳೇ, ನೆಲ ಮಿಸುಕಲಿಲ್ಲ. ನೂರಾ ಅರವತ್ತು ಟನ್ ಹತ್ತು ಹೆಜ್ಜೆ ದೂರದಲ್ಲಿ ಹಾದುಹೋಗುತ್ತಿದೆ, ನನ್ನ ಅಂಗಾಲಿಗೆ ಬಂದದ್ದು ಒಂದು ಸಣ್ಣ ಗುಂಯ್ ಮಾತ್ರ. ಅಂಥ ನೆಲವನ್ನು ನನ್ನ ಮೂವತ್ತೊಂದು ವರ್ಷದಲ್ಲಿ ನಾನೂ ಮಾಡಿಲ್ಲ.

ಬಂಡಿ ಸೇತುವೆ ಮುಟ್ಟಿದಾಗ ನೀನು ದುರ್ಬೀನಿನಿಂದ ಕಣ್ಣು ತೆಗೆದು ಮೇಲೆ ನೋಡಿ ಮೂರು ಬೆರಳು ಎತ್ತಿದೆ. ಮ್ಯಾನೇಜರ್ "ಏರಿ ತಗ್ಗಿದ್ದು ಮೂರೇ ಮಿಲಿಮೀಟರು! ಮೂರೇ!" ಎಂದು ಕೂಗಿ ನನ್ನನ್ನು ಅಪ್ಪಿಕೊಂಡುಬಿಟ್ಟರು. ಅವರ ಕನ್ನಡಕ ನನ್ನ ಹೆಗಲಿಗೆ ತಾಗಿ ಸೊಟ್ಟಗಾಯಿತು. ಜನ ಹೊಡೆದ ಚಪ್ಪಾಳೆ ನನಗೆ ಕೇಳಿಸಿತು. ಯಂತ್ರ ಕೇಳಿಸಿತೋ ಕಿವಿಯೇ ಕೇಳಿಸಿತೋ ಗೊತ್ತಿಲ್ಲ. ನಿನ್ನಮ್ಮ ಅಕ್ಕಪಕ್ಕದ ಹೆಂಗಸರಿಗೆಲ್ಲ ಕೆಳಗೆ ಕೈ ತೋರಿಸಿ, "ಆ ಹಳದಿ ಟೊಪ್ಪಿಗೇಲಿ ಇರೋಳು ನಮ್ಮ ಹುಡುಗಿ" ಎನ್ನುತ್ತಿದ್ದಳು. ಟೊಪ್ಪಿಗೆ ಎಲ್ಲರದೂ ಹಳದಿ. ಆದರೂ ಅವರೆಲ್ಲ ನಿನ್ನನ್ನೇ ನೋಡಿದರು.

ಆಮೇಲೆ ಒಂದು ಆಂಬುಲೆನ್ಸ್ ದಾಟಿತು. ಅದಕ್ಕೆ ಯಾರೂ ಚಪ್ಪಾಳೆ ತಟ್ಟಲಿಲ್ಲ, ದಾರಿ ಬಿಟ್ಟರು.

ಇನ್ನೊಂದು ವಿಷಯ, ನಿನಗೆ ಹೇಳದೆ ಬಂದೆ. ನಾವು ಹೊರಡುವ ಹಿಂದಿನ ದಿನ ಮುಖ್ಯ ಇಂಜಿನಿಯರ್ ನನ್ನನ್ನು ಕರೆಸಿದ್ದರು. ಆಚೆ ದಡದ ರಸ್ತೆಗೆ ಹೊಸ ರೋಲರ್ ಡ್ರೈವರುಗಳು ಎಂಟು ಮಂದಿ ಬರುತ್ತಿದ್ದಾರಂತೆ. ಆ ಇಡೀ ಉದ್ದದ ಮಣ್ಣಿನ ಪರೀಕ್ಷೆಗೆ ನಿನ್ನನ್ನೇ ಮುಖ್ಯಸ್ಥೆ ಮಾಡಿದ್ದಾರಂತೆ, ಆದೇಶ ಈ ವಾರ ನಿನ್ನ ಕೈಗೆ ಬರುತ್ತದೆ. "ಡ್ರೈವರುಗಳಿಗೆ ನೆಲ ನೋಡೋದು ಹೇಗೆ ಅಂತ ಕಲಿಸೋಕೆ ಯಾರಾದ್ರೂ ಬೇಕು. ನೀವು ಬರ್ತೀರಾ?" ಎಂದು ಕೇಳಿದರು. "ನಂಗೆ ಕಿವಿ ಕೇಳಲ್ಲ ಸಾರ್" ಎಂದೆ. ನೀನು ನಂಬುತ್ತೀಯೋ ಇಲ್ಲವೋ, ಡಾಕ್ಟರನ್ನು ಬಿಟ್ಟರೆ ಮೊದಲ ಸಲ ಹೊರಗಿನವರೊಬ್ಬರ ಎದುರು ಬಾಯಿ ಬಿಟ್ಟು ಹೇಳಿದೆ. ಅವರು ಇನ್ನೂ ಜೋರಾಗಿ ಹೇಳಿದರು: "ನೀವು ಕೇಳಿಸ್ಕೊಳ್ಳೋದು ಬೇಡ, ಅವರು ಕೇಳಿಸ್ಕೊಳ್ಲಿ!"

ಒಪ್ಪಿಕೊಂಡೆ. ಸೋಮವಾರದ ಬಸ್ಸಿಗೆ ಬರುತ್ತೇನೆ, ನಿನ್ನಮ್ಮನೂ ಜೊತೆಗೆ. ಮಣ್ಣು, ನೀರು, ಓಟ, ಗುಂಡಿ ಎಲ್ಲ ಮಂಗಳವಾರದಿಂದ. ಸೋಮವಾರ ಒಂದೇ ಪಾಠ. ಎಂಟೂ ಜನರಿಗೆ ಕಿವಿ ಮುಚ್ಚುವ ಟೋಪಿ ತಂದಿಡು. ಅದನ್ನು ಹಾಕಿಕೊಳ್ಳದೆ ಒಬ್ಬನೂ ರೋಲರ್ ಹತ್ತಕೂಡದು.

ಇತಿ,
ಅಪ್ಪ